ಹೆದರಿಕೆ ಬೇಡ, ಹೆಮ್ಮೆಯೊಂದೇ ಸಾಲದು

ಆಕಾಶದ ಸುದ್ದಿ ನಮ್ಮ ಮನೆಗಳಿಗೆ ಬರುವುದು ಎರಡೇ ಬಾಗಿಲಿನಿಂದ. ಒಂದು ಹೆದರಿಕೆಯ ಬಾಗಿಲು, ಇನ್ನೊಂದು ಹೆಮ್ಮೆಯ ಬಾಗಿಲು. ಗ್ರಹಣ ಹತ್ತಿರ ಬಂತೆಂದರೆ ಮೊದಲನೆಯದು ತೆರೆಯುತ್ತದೆ. ಯಾವ ರಾಶಿಗೆ ಕೇಡು, ಬಸುರಿಯರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಏನನ್ನೂ ಮುಟ್ಟಬಾರದು, ಯಾವ ಪಾತ್ರೆಯ ಮೇಲೆ ದರ್ಭೆ ಇಡಬೇಕು ಎಂದು ಟೀವಿಯವರು ಬೆಳಗಿನಿಂದ ರಾತ್ರಿಯತನಕ ಹೇಳುತ್ತಾರೆ. ರಾಕೆಟ್ ಹಾರಿತೆಂದರೆ ಎರಡನೆಯದು ತೆರೆಯುತ್ತದೆ. ಬಾವುಟ, ಚಪ್ಪಾಳೆ, ಪೇಢೆ, ಕಣ್ಣೀರು. ಎರಡು ದಿನ ಕಳೆದರೆ ಆ ಬಾಗಿಲೂ ಮುಚ್ಚುತ್ತದೆ.

ಅರಿವಿನ ಬಾಗಿಲು ಎಂದು ಮೂರನೆಯದೊಂದಿದೆ. ಅದು ಹೆಂಗಸರು ಕುಳಿತಿರುವ ಕಡೆಗೆ ತೆರೆಯುವುದೇ ಇಲ್ಲ. ನನ್ನ ತಕರಾರು ಇರುವುದು ಅದರ ಬಗ್ಗೆ.

ನಾನು ವಿಜ್ಞಾನ ಕಲಿತವಳಲ್ಲ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವನ್ನೂ ಕಲಿಸುತ್ತ ತಲೆಗೂದಲು ಬೆಳ್ಳಗಾದವಳು. "ನಿಮಗ್ಯಾಕ್ರೀ ಟೀಚರ ಈ ಚಂದ್ರ ಸೂರ್ಯರ ಉಸಾಬರಿ?" ಎಂದು ಕೇಳುವವರಿದ್ದಾರೆ. ನನಗಲ್ಲದೆ ಮತ್ತಾರಿಗೆ ಬೇಕು ಈ ಉಸಾಬರಿ? ಗ್ರಹಣದ ನಿಯಮಗಳೆಲ್ಲ ಬರೆದಿಟ್ಟಿರುವುದು ಹೆಂಗಸಿನ ಮೈಗೆ, ಹೆಂಗಸಿನ ಒಲೆಗೆ. ಗಂಡಸು ಗ್ರಹಣದ ದಿನವೂ ಅಂಗಡಿಗೆ ಹೋಗಿ ಬರುತ್ತಾನೆ. ನಮ್ಮ ಮೈ, ನಮ್ಮ ಒಲೆ ಎಂದಮೇಲೆ ಕೇಳುವ ಹಕ್ಕೂ ನಮ್ಮದೇ.

2025ರ ಸೆಪ್ಟೆಂಬರ್ 7ರ ರಾತ್ರಿ ಸಂಪೂರ್ಣ ಚಂದ್ರಗ್ರಹಣವಿತ್ತು. ರಾತ್ರಿ ಹತ್ತಕ್ಕೆ ಎರಡು ನಿಮಿಷ ಇರುವಾಗ ಹಿಡಿದು, ಒಂದೂವರೆಯ ಸುಮಾರಿಗೆ ಬಿಟ್ಟಿತು. ನಡುವೆ 82 ನಿಮಿಷ ಚಂದ್ರ ಪೂರ್ತಿ ನೆರಳಿನಲ್ಲಿದ್ದ. ನಮ್ಮ ಓಣಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಬಿ.ಕಾಂ. ಓದಿದವಳು, ಆಗ ಎಂಟು ತಿಂಗಳ ಬಸುರಿ. ವೇಧಕಾಲವೆಂದು ಮಧ್ಯಾಹ್ನ ಒಂದು ಗಂಟೆಯಿಂದಲೇ ಅವಳಿಗೆ ಅನ್ನ ನೀರು ಬಂದ್ ಆಗಿತ್ತು. ಬಿಡುವುದು ರಾತ್ರಿ ಒಂದೂವರೆಗೆ. ಲೆಕ್ಕ ಹಾಕಿರಿ, ಹನ್ನೆರಡು ತಾಸಿಗೂ ಮಿಕ್ಕಿತು. ರಾತ್ರಿ ಹತ್ತಕ್ಕೆ ಅವಳು ಬಚ್ಚಲ ಬಾಗಿಲಲ್ಲಿ ಕಣ್ಣುಕತ್ತಲೆ ಬಂದು ಕುಸಿದಳು. ಕರೆ ಬಂದು ನಾನು ಹೋದೆ. ನೀರು, ಬೆಲ್ಲ, ಒಂದು ಬಟ್ಟಲು ಗಂಜಿ ಕುಡಿಸಿದ ಮೇಲೆ ಮುಖಕ್ಕೆ ಕಳೆ ಬಂತು.

ಅವಳ ಅತ್ತೆ ಕೆಟ್ಟವಳಲ್ಲ. ಸೊಸೆಗೆ ತಿಂಗಳು ತಿಂಗಳು ತಾನೇ ಜೊತೆಯಾಗಿ ದವಾಖಾನೆಗೆ ಹೋಗುವ ಹೆಣ್ಣುಮಗಳು. ಅಳುತ್ತ ಹೇಳಿದಳು: "ನಾ ಏನು ಆಕಿ ವೈರಿ ಏನ್ರೀ ಟೀಚರ? ಟೀವ್ಯಾಗ ಮುಂಜಾನಿಂದ ಅದನ್ನ ಹೇಳಾಕತ್ತಾರ. ನಾಳೆ ಕೂಸಿಗೆ ಏನರ ಆದ್ರ ಎಲ್ಲಾರೂ ನನ್ನನ್ನ ಅಂತಾರ. ಆವಾಗ ನಾ ಯಾರನ್ನ ಕೇಳ್ಲಿ?"

ಈ ಮಾತನ್ನು ನಾವು ಗಮನವಿಟ್ಟು ಕೇಳಬೇಕು. ಇದು ಮೂಢತನದ ಮಾತಲ್ಲ. ಕೂಸಿಗೆ ಏನಾದರೂ ಆದರೆ ದೂರು ಬರುವುದು ಹೆಂಗಸಿನ ಮೇಲೆ ಎಂಬುದನ್ನು ಬದುಕಿ ಅರಿತವಳ ಮಾತು. ಹೆದರಿಸುವವನಿಗೆ ಟೀವಿಯಲ್ಲಿ ಇಡೀ ದಿನ ಸಿಕ್ಕಿತು. "ತಾಯಿ, ಚಂದ್ರಗ್ರಹಣವೆಂದರೆ ಭೂಮಿಯ ನೆರಳು. ನೆರಳಿನಿಂದ ಗರ್ಭಕ್ಕೆ ಏನೂ ಆಗುವುದಿಲ್ಲ. ಎಂಟು ತಿಂಗಳಲ್ಲಿ ಹನ್ನೆರಡು ತಾಸು ಉಪವಾಸವಿದ್ದರೆ, ನೀರು ಬಿಟ್ಟರೆ ಖಂಡಿತ ತೊಂದರೆ ಆಗುತ್ತದೆ" ಎಂದು ಹೇಳಬಲ್ಲ ಡಾಕ್ಟರಿಗೆ ಎಷ್ಟು ನಿಮಿಷ ಸಿಕ್ಕಿತು? ತಪ್ಪು ಅತ್ತೆಯದಲ್ಲ. ಹೆದರಿಕೆಯನ್ನು ಮಾರಿ ಜಾಹೀರಾತಿನ ಹಣ ಎಣಿಸಿಕೊಂಡವರದು.

ಆ ರಾತ್ರಿ ಚಂದ್ರ ಕೆಂಪಾಗಿದ್ದುದೇಕೆ ಎಂಬುದನ್ನಾದರೂ ಹೇಳಿದರೇ? ಎಷ್ಟು ಚೆಂದದ ಸಂಗತಿ ಅದು! ಭೂಮಿ ಅಡ್ಡ ಬಂದಾಗ ಸೂರ್ಯನ ಬೆಳಕು ನೇರವಾಗಿ ಚಂದ್ರನಿಗೆ ತಲುಪುವುದಿಲ್ಲ. ಆದರೆ ಭೂಮಿಯ ಸುತ್ತ ಗಾಳಿಯ ಹೊದಿಕೆಯಿದೆಯಲ್ಲ, ಅದರ ಅಂಚಿನಿಂದ ಸ್ವಲ್ಪ ಬೆಳಕು ಬಾಗಿ ಒಳಗೆ ನುಸುಳುತ್ತದೆ. ನೀಲಿ ಬಣ್ಣ ದಾರಿಯಲ್ಲೇ ಚದುರಿಹೋಗಿ ಕೆಂಪು ಮಾತ್ರ ಮುಂದೆ ಸಾಗುತ್ತದೆ. ಸಂಜೆಯ ಸೂರ್ಯ ಕೆಂಪಾಗುವುದೂ ಇದೇ ಕಾರಣಕ್ಕೆ. ಅಂದರೆ, ಆ ಹೊತ್ತಿನಲ್ಲಿ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದನೋ, ಎಲ್ಲೆಲ್ಲಿ ಮುಳುಗುತ್ತಿದ್ದನೋ, ಆ ಎಲ್ಲ ಮುಂಜಾವು ಮುಸ್ಸಂಜೆಗಳ ಬೆಳಕು ಒಟ್ಟಾಗಿ ಚಂದ್ರನ ಮೇಲೆ ಬಿದ್ದಿತ್ತು. ಇದನ್ನು ಬರಿಗಣ್ಣಿನಿಂದ ನೋಡಬಹುದಿತ್ತು, ಯಾವ ಅಪಾಯವೂ ಇಲ್ಲ. ನಮ್ಮ ಓಣಿಯ ಇಪ್ಪತ್ತು ಮನೆಗಳಲ್ಲಿ ಹದಿನೆಂಟು ಮನೆಯವರು ಕಿಟಕಿ ಹಾಕಿಕೊಂಡು ಮಲಗಿದ್ದರು.

ಹೀಗೆ ಕಿಟಕಿ ಹಾಕಿಕೊಂಡದ್ದರ ನಷ್ಟ ಎಷ್ಟೆಂದು ನನಗೆ ಗೊತ್ತು. 1980ರ ಫೆಬ್ರುವರಿ 16ರಂದು ಸಂಪೂರ್ಣ ಸೂರ್ಯಗ್ರಹಣವಾಯಿತು. ಅದರ ನೆರಳು ಅಂಕೋಲೆಯ ಕಡಲತೀರದಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರಿನ ಸೀಮೆಯ ಮೇಲೆ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದುರ್ಬೀನು ಹೂಡಿ ಕಾದಿದ್ದರು. ನಾನು ಗದಗ ಸೀಮೆಯ ಹುಡುಗಿ, ಆಗ ಹತ್ತು ವರ್ಷ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ನಮ್ಮ ಮನೆಯ ನೆತ್ತಿಯ ಮೇಲೆಯೇ ಹಗಲು ರಾತ್ರಿಯಾಯಿತು. ನಾನು ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಗೋಡೆ ನೋಡುತ್ತಿದ್ದೆ. ಹೊರಗೆ ಕಾಗೆಗಳು ಗಿಡಕ್ಕೆ ಮರಳುವ ಸಪ್ಪಳ ಮಾತ್ರ ಕೇಳಿಸಿತು. ಅಣ್ಣಂದಿರು ಮಾಳಿಗೆ ಹತ್ತಿ ನೋಡಿ ಬಂದರು. ಅವರನ್ನು ಯಾರೂ ಬೈಯಲಿಲ್ಲ.

ಒಂದೇ ಊರಿನ ಮೇಲೆ ಸಂಪೂರ್ಣ ಸೂರ್ಯಗ್ರಹಣ ಮತ್ತೆ ಬರಲು ಸರಾಸರಿ 375 ವರ್ಷ ಬೇಕಂತೆ. ಅಂದರೆ ಹದಿನೈದು ತಲೆಮಾರು. ಆ ಎರಡು ಚಿಲ್ಲರೆ ನಿಮಿಷ ಇನ್ನು ನನ್ನ ಆಯುಷ್ಯದಲ್ಲಿ ನನ್ನ ಊರಿನಲ್ಲಿ ಬರುವುದಿಲ್ಲ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣು ಸುಡುತ್ತದೆ ಎಂಬುದು ನಿಜವೇ. ಅದಕ್ಕೆ ಉಪಾಯ ಸರಿಯಾದ ಕನ್ನಡಕ. ಇಲ್ಲವೇ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಅದರೊಳಗಿಂದ ಗೋಡೆಯ ಮೇಲೆ ಬೀಳುವ ಬಿಂಬ ನೋಡಬಹುದು. ಕಂಬಳಿ ಕಟ್ಟುವುದು ಉಪಾಯವಲ್ಲ. ಅಣ್ಣನ ಕಣ್ಣಿಗೂ ನನ್ನ ಕಣ್ಣಿಗೂ ಬೇರೆ ಬೇರೆ ಸೂರ್ಯ ಇರಲಿಲ್ಲವಲ್ಲ.

"ಇದೆಲ್ಲ ನಮ್ಮ ಸಂಪ್ರದಾಯ, ಹಿರಿಯರು ಸುಮ್ಮನೆ ಹೇಳಿಲ್ಲ" ಎನ್ನುವವರಿಗೆ ನನ್ನ ಉತ್ತರ ಇದು. ಹಿರಿಯರ ಮಾತನ್ನೇ ಕೇಳೋಣ, ಬನ್ನಿ. ಕ್ರಿ.ಶ. 499ರಲ್ಲಿ ಆರ್ಯಭಟ ಗ್ರಹಣವೆಂದರೆ ನೆರಳು ಎಂದು ಬರೆದಿಟ್ಟ. ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಎಂದ. ಸಾವಿರದ ಐನೂರು ವರ್ಷ ಹಳೆಯ ಮಾತು ಸಂಪ್ರದಾಯವಲ್ಲವೇ? ಪಂಚಾಂಗದಲ್ಲಿ ಗ್ರಹಣದ ಗಂಟೆ ನಿಮಿಷ ಬರೆಯುವವರೂ ಲೆಕ್ಕ ಹಾಕಿಯೇ ಬರೆಯುತ್ತಾರೆ. ರಾಹುವಿಗೆ ಹಸಿವಾಗುವ ಹೊತ್ತನ್ನು ಯಾರೂ ಲೆಕ್ಕ ಹಾಕಲಾರರು. 1975ರಲ್ಲಿ ನಮ್ಮ ದೇಶದ ಮೊದಲ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿ ಅದಕ್ಕೆ ಆರ್ಯಭಟನ ಹೆಸರನ್ನೇ ಇಟ್ಟರು. ಹೆಸರನ್ನು ಆಕಾಶಕ್ಕೆ ಕಳಿಸಿದೆವು, ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಹೆದರಿಕೆ ಯಾವ ಮಟ್ಟಕ್ಕೆ ಹೋಗುತ್ತದೆಂದು ತಿಳಿಯಬೇಕಾದರೆ 2019ರ ಡಿಸೆಂಬರ್ 26ನ್ನು ನೆನಪಿಸಿಕೊಳ್ಳಿ. ಅಂದು ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆಯ ಹಾಗೆ ಕಂಡ; ದೂರದೂರದಿಂದ ಜನ ನೋಡಲು ಹೋದರು. ಅದೇ ಬೆಳಿಗ್ಗೆ ಕಲಬುರಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಊನ ವಾಸಿಯಾಗುತ್ತದೆ ಎಂಬ ಆಸೆ. ಆ ಚಿತ್ರ ನೋಡಿ ಪಟ್ಟಣದ ಜನ ನಕ್ಕರು, ಬೈದರು. ನನಗೆ ನಗು ಬರಲಿಲ್ಲ. ಮಗು ನಡೆಯಲಿ ಎಂದು ಯಾವ ತಾಯಿಯೂ ಏನನ್ನಾದರೂ ಮಾಡಿಯಾಳು. ಅವಳ ಹಳ್ಳಿಗೆ ಫಿಜಿಯೋಥೆರಪಿ ತಿಳಿದವರು ತಲುಪುವ ಮೊದಲು ಗಾಳಿಸುದ್ದಿ ತಲುಪಿತ್ತು. ನಾಚಬೇಕಾದವರು ಆ ತಾಯಂದಿರಲ್ಲ.

ಪಟ್ಟಣದ ನಾವೇನು ಕಡಿಮೆ? "ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾಯಲಿವೆ, ಮೊಬೈಲ್ ಆಫ್ ಮಾಡಿರಿ" ಎಂಬ ಸಂದೇಶ ವಾಟ್ಸಾಪಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಕಳಿಸುವವರು ಪದವೀಧರರು. ಕಾಸ್ಮಿಕ್ ಕಿರಣಗಳು ನಿಜ, ಆದರೆ ಅವು ಹನ್ನೆರಡೂವರೆಗೆ ಬಂದು ಮೂರೂವರೆಗೆ ಹೋಗುವ ನೆಂಟರಲ್ಲ. ಹಗಲಿರುಳು ಭೂಮಿಯ ಮೇಲೆ ಬೀಳುತ್ತಲೇ ಇರುತ್ತವೆ. ಅವು ಗಾಳಿಗೆ ಬಡಿದು ಹುಟ್ಟಿಸುವ ಮ್ಯೂಆನ್ ಎಂಬ ಕಣಗಳು ಸುಮಾರು ಸೆಕೆಂಡಿಗೆ ಒಂದರಂತೆ ನಿಮ್ಮ ಅಂಗೈಯೊಳಗಿಂದ ಹಾದುಹೋಗುತ್ತಿವೆ, ಇದನ್ನು ಓದುತ್ತಿರುವಾಗಲೂ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ ಯಂತ್ರಗಳನ್ನಿಟ್ಟು, 1965ರಲ್ಲಿ ಈ ಕಿರಣಗಳಿಂದಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಜಗತ್ತಿನಲ್ಲೇ ಮೊದಲ ಸಾಲಿನ ಕೆಲಸವದು. ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಜೀವ ತೇಯ್ದ ಬಿಭಾ ಚೌಧುರಿ ಎಂಬ ಬಂಗಾಳದ ಹೆಣ್ಣುಮಗಳ ಹೆಸರನ್ನು 2019ರಲ್ಲಿ ದೂರದ ಒಂದು ನಕ್ಷತ್ರಕ್ಕೆ ಇಟ್ಟಿದ್ದಾರೆ. ಕಿರಣದ ಹೆದರಿಕೆ ನಮ್ಮ ಮೊಬೈಲಿಗೆ ಬಂತು. ಕೋಲಾರವೂ ಬರಲಿಲ್ಲ, ಬಿಭಾ ಕೂಡ ಬರಲಿಲ್ಲ.

ಇನ್ನು ಹೆಮ್ಮೆಯ ಬಾಗಿಲು. 2014ರ ಸೆಪ್ಟೆಂಬರ್ 24ರಂದು ನಮ್ಮ ನೌಕೆ ಮಂಗಳನ ಕಕ್ಷೆ ಸೇರಿದಾಗ ಒಂದು ಫೋಟೋ ಎಲ್ಲೆಡೆ ಹರಿದಾಡಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ನಗುತ್ತ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದರು. "ನೋಡಿ, ಸೀರೆಯುಟ್ಟ ನಮ್ಮ ವಿಜ್ಞಾನಿಗಳು" ಎಂದು ಜಗತ್ತೇ ಕೊಂಡಾಡಿತು. ಆಮೇಲೆ ಇಸ್ರೋದವರೇ ತಿಳಿಸಿದರು: ಫೋಟೋದಲ್ಲಿದ್ದವರು ಅಲ್ಲಿನ ಆಡಳಿತ ವಿಭಾಗದ ಸಿಬ್ಬಂದಿ. ಯೋಜನೆಯಲ್ಲಿ ದುಡಿದ ಮಹಿಳಾ ವಿಜ್ಞಾನಿಗಳು ಬೇರೆಯೇ ಇದ್ದರು, ನಿಯಂತ್ರಣ ಕೊಠಡಿಯಲ್ಲಿದ್ದರು. ಆಡಳಿತದ ಹೆಣ್ಣುಮಕ್ಕಳ ಸಂತೋಷ ಯಾವುದಕ್ಕೂ ಕಡಿಮೆಯದಲ್ಲ. ಆದರೆ ನಂದಿನಿ ಹರಿನಾಥ್, ರಿತು ಕರಿಧಾಲ್, ಮೀನಲ್ ಸಂಪತ್ ಎಂಬ ಹೆಸರುಗಳು, ಅವರು ಮಾಡಿದ ಕೆಲಸ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸೀರೆಯ ಬಣ್ಣ ಗೊತ್ತಾಯಿತು, ಮುಡಿದ ಹೂ ಗೊತ್ತಾಯಿತು, ಕೆಲಸ ಗೊತ್ತಾಗಲಿಲ್ಲ. ಹೆಮ್ಮೆಗೆ ಅಷ್ಟು ಸಾಕಿತ್ತು.

2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳೇಕೆ ಹೇಳಲಿ? ಮರುದಿನ ಪ್ರಾರ್ಥನೆಯ ಹೊತ್ತಿಗೆ ನಾಲ್ಕು ಭಾಷಣಗಳಾದವು. ಹೆಮ್ಮೆ ಎಂಬ ಶಬ್ದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ತರಗತಿಗೆ ಹೋದಾಗ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು: "ಟೀಚರ್, ಧ್ರುವ ಅಂದ್ರ ತೊಂಬತ್ತು ಡಿಗ್ರಿ ಅಂತ ನೀವ ಹೇಳಿರಿ. ಇದು ಅರವತ್ತೊಂಬತ್ತರಾಗ ಇಳದೈತಿ ಅಂತ ಪೇಪರಿನ್ಯಾಗ ಐತಿ. ಮತ್ತ ದಕ್ಷಿಣ ಧ್ರುವ ಅಂತ ಯಾಕ ಅಂತಾರ?"

ಅಕ್ಷಾಂಶ ರೇಖಾಂಶ ಕಲಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಆ ಪ್ರಶ್ನೆ. ಅವಳು ಹೇಳಿದ್ದು ಸರಿ. ಇಳಿದ ಜಾಗ ದಕ್ಷಿಣ ಧ್ರುವವಲ್ಲ, ಧ್ರುವದ ಕಡೆಯ ಪ್ರದೇಶ. ಧ್ರುವಬಿಂದುವಿಗೂ ಅದಕ್ಕೂ ಸುಮಾರು 600 ಕಿಲೋಮೀಟರ್ ಅಂತರ. ಹೆಚ್ಚು ಕಡಿಮೆ ಬೆಂಗಳೂರಿಗೂ ಬೀದರಿಗೂ ಇರುವಷ್ಟು. ಇದನ್ನು ಹೇಳಿದರೆ ಸಾಧನೆ ಕಡಿಮೆಯಾಗುವುದಿಲ್ಲ. ಅಷ್ಟು ದಕ್ಷಿಣಕ್ಕೆ ಆ ಮೊದಲು ಯಾರೂ ಮೆಲ್ಲಗೆ ಇಳಿದಿರಲಿಲ್ಲ. ಧ್ರುವದ ಹತ್ತಿರದ ಕುಳಿಗಳಲ್ಲಿ ಎಂದೂ ಬಿಸಿಲು ಬೀಳದ ಜಾಗಗಳಿವೆ, ಅಲ್ಲಿ ಮಂಜುಗಡ್ಡೆ ಇದೆ ಎಂಬ ಕಾರಣಕ್ಕೆ ಎಲ್ಲ ದೇಶಗಳ ಕಣ್ಣು ಅತ್ತ. 2009ರಲ್ಲಿ ನಮ್ಮ ಚಂದ್ರಯಾನ-1ರಲ್ಲಿ ಕುಳಿತಿದ್ದ ಅಮೆರಿಕದ ಉಪಕರಣವೇ ಚಂದ್ರನ ಮಣ್ಣಿನಲ್ಲಿ ನೀರಿನ ಅಂಶದ ಗುರುತು ತೋರಿಸಿದ್ದು. ಆದರೆ ಆ ಹುಡುಗಿಯ ಪ್ರಶ್ನೆಗೆ ಸ್ಟಾಫ್ ರೂಮಿನಲ್ಲಿ ಬಂದ ಉತ್ತರ ಏನು ಗೊತ್ತೇ? "ಇಂಥ ಶುಭದಿನದಾಗ ತಪ್ಪು ಹುಡುಕಬಾರದವ್ವಾ." ಪ್ರಶ್ನೆ ಕೇಳುವುದು ತಪ್ಪು ಹುಡುಕುವುದಾದರೆ, ವಿಜ್ಞಾನವೆಂದರೆ ಇನ್ನೇನು?

ಅದೇ ನೌಕೆ ಇಳಿದ ಮೇಲೆ ಮಾಡಿದ ಒಂದು ಕೆಲಸ ನೋಡಿ. ಚಂದ್ರನ ಮಣ್ಣಿಗೆ ಒಂದು ಉದ್ದನೆಯ ಥರ್ಮಾಮೀಟರನ್ನು ಚುಚ್ಚಿತು. ಮೇಲ್ಗಡೆ 50 ಡಿಗ್ರಿಗೂ ಹೆಚ್ಚಿನ ಬಿಸಿ. ಕೇವಲ 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ! ಮೇಲೆ ಕಾದ ಅಂಗಳ, ನಾಲ್ಕು ಬೆರಳು ಕೆಳಗೆ ಮಂಜು. ಏಕೆ ಹೀಗೆ? ಒಲೆ ಉರಿಸಿದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಲು ಒಂದೇ ಮಾತು ಸಾಕು: ಬೂದಿ ಮುಚ್ಚಿದ ಕೆಂಡ. ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗಿದರೆ ಬೆಳಿಗ್ಗೆಯೂ ಕೆಂಡ ಜೀವಂತವಿರುತ್ತಿತ್ತು. ಬೂದಿ ಶಾಖವನ್ನು ಅತ್ತಿತ್ತ ಬಿಡುವುದಿಲ್ಲ. ಚಂದ್ರನ ಮಣ್ಣೂ ಅಂಥದೇ ಸಡಿಲ ಪುಡಿ, ನಡುವೆ ಗಾಳಿಯೂ ಇಲ್ಲ. ಮೇಲಿನ ಬಿಸಿ ಕೆಳಗಿಳಿಯುವುದಿಲ್ಲ. ಮುಂದೊಂದು ದಿನ ಮನುಷ್ಯರು ಅಲ್ಲಿ ಮನೆ ಕಟ್ಟುವುದಾದರೆ ಈ ಲೆಕ್ಕ ಬೇಕೇ ಬೇಕು. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು? ಮೂರು ನಿಮಿಷ. ಆ ಮೂರು ನಿಮಿಷವನ್ನು ನಮಗೆ ಯಾರೂ ಕೊಡಲಿಲ್ಲ.

ಸುನೀತಾ ವಿಲಿಯಮ್ಸ್ ಕತೆಯೂ ಹಾಗೆಯೇ ಆಯಿತು. 2024ರ ಜೂನ್ 5ರಂದು ಎಂಟು ದಿನದ ಕೆಲಸಕ್ಕೆಂದು ಹೋದವರು 286 ದಿನ ಅಂತರಿಕ್ಷದಲ್ಲಿ ಉಳಿದು 2025ರ ಮಾರ್ಚ್‌ನಲ್ಲಿ ಮರಳಿದರು. ನಮಗೆ ತೋರಿಸಿದ್ದು ಗಾಳಿಯಲ್ಲಿ ಹಾರಾಡುವ ಕೂದಲು, ಸೊರಗಿದ ಕೆನ್ನೆ, ಅವರು ಇಷ್ಟಪಡುವ ತಿಂಡಿ. ಅಲ್ಲಿ ಭಾರವಿಲ್ಲದೆ ಮೂಳೆಗಳಿಗೆ ಏನಾಗುತ್ತದೆ ಎಂದು ಕೇಳಿದವರು ಎಷ್ಟು ಜನ? ವ್ಯಾಯಾಮ ಮಾಡದಿದ್ದರೆ ಮೈಭಾರ ಹೊರುವ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುತ್ತವೆ. ಭೂಮಿಯ ಮೇಲೆ ಮುಪ್ಪಿನಲ್ಲಿ ಇಡೀ ವರ್ಷಕ್ಕೆ ಆಗುವ ಸವಕಳಿ ಅದು. ಅದಕ್ಕೇ ಅವರೆಲ್ಲ ದಿನಾ ಎರಡು ತಾಸು ಮೈ ದಂಡಿಸುತ್ತಾರೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಹೆಂಗಸರು ನಮ್ಮ ಓಣಿಯಲ್ಲೇ ಮೂವರಿದ್ದಾರೆ. ಮೂಳೆಗೆ ಭಾರ ಬೇಕು, ನಡಿಗೆ ಬೇಕು ಎಂಬ ಪಾಠವನ್ನು ಸುನೀತಾ ಅವರ ನೆಪದಲ್ಲಿ ಲಕ್ಷಾಂತರ ಹೆಂಗಸರಿಗೆ ಮುಟ್ಟಿಸಬಹುದಿತ್ತು. ಅದನ್ನು ಬಿಟ್ಟು ನಮಗೆ ಅವರ ಕೂದಲು ತೋರಿಸಿದರು.

ಈಗ ನನ್ನ ಎದುರಾಳಿಗಳ ಮಾತಿಗೆ ಬರುತ್ತೇನೆ. ಮೊದಲನೆಯದು: "ಅಕ್ಕಿ ಬೇಳೆ ತುಟ್ಟಿಯಾಗಿ ಕೂತೈತಿ, ಚಂದ್ರ ತಗೊಂಡು ಏನು ಮಾಡೂದು?" ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ. 1999ರಲ್ಲಿ ಒಡಿಶಾದ ಚಂಡಮಾರುತಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. 2019ರಲ್ಲಿ ಫನಿ ಎಂಬ ಚಂಡಮಾರುತ ಅದೇ ಕರಾವಳಿಗೆ ಬಡಿದಾಗ, ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ನೂರರೊಳಗೆ ನಿಂತಿತು. ಬಿರುಗಾಳಿ ಎಲ್ಲಿ ಹುಟ್ಟಿ ಎತ್ತ ಹೊರಟಿದೆ ಎಂದು ಮೇಲಿನಿಂದ ನೋಡಿ ಹೇಳಿದ ಉಪಗ್ರಹಗಳ ಪಾಲು ಅದರಲ್ಲಿ ದೊಡ್ಡದು. ಅಂಥ ನಮ್ಮ ಉಪಗ್ರಹಗಳ ಲಗಾಮು ಇರುವುದು ಹಾಸನದ ನಿಯಂತ್ರಣ ಕೇಂದ್ರದಲ್ಲಿ. ಅಷ್ಟಾಗಿಯೂ ನಾನು ಲಾಭದ ಮಾತೊಂದನ್ನೇ ಆಡಲಾರೆ. ರಂಗೋಲಿಯಿಂದ ಏನು ಲಾಭ? ಹೊಟ್ಟೆಗೆ ಬೀಳದ ಎಷ್ಟೋ ವಸ್ತುಗಳಿಂದಲೇ ನಾವು ಮನುಷ್ಯರಾಗಿ ಉಳಿದಿದ್ದೇವೆ.

ಎರಡನೆಯದು: "ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ." 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಜೊತೆಗೆ ಹೆಸರುಕಾಳು, ಮೆಂತ್ಯದ ಕಾಳು ಒಯ್ದಿದ್ದರು. ಅದರ ಹಿಂದೆ ಇದ್ದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು. ಮೊಳಕೆ ಕಟ್ಟುವುದು ನಮಗೆ ತಿಳಿಯುವುದಿಲ್ಲವೇ? ಒಂದು ಪ್ರಶ್ನೆ ಕೇಳುತ್ತೇನೆ. ಬಟ್ಟೆಯಲ್ಲಿ ಕಾಳು ಹೇಗೆ ಬಿದ್ದಿದ್ದರೂ ಬೇರು ಕೆಳಮುಖವಾಗಿಯೇ ಹೊರಳುತ್ತದಲ್ಲ, ಕೆಳಗೆ ಯಾವುದೆಂದು ಅದಕ್ಕೆ ಹೇಗೆ ಗೊತ್ತು? ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಹರಳುಗಳಿರುತ್ತವೆ. ಅವು ಭಾರಕ್ಕೆ ತಳಕ್ಕಿಳಿಯುತ್ತವೆ. ಬೇರು ಆ ಗುರುತು ಹಿಡಿದು ಬೆಳೆಯುತ್ತದೆ. ಭಾರವೇ ಇಲ್ಲದ ಕಡೆ ಹರಳು ಎತ್ತ ಇಳಿಯಬೇಕು? ಬೇರು ಎತ್ತ ಹೋಗಬೇಕು? ಇಂಥ ಪ್ರಶ್ನೆ ಅಡುಗೆಮನೆಯಲ್ಲೇ ಹುಟ್ಟುತ್ತದೆ. ಅದಕ್ಕೆ ಎಂ.ಎಸ್‌ಸಿ. ಬೇಕಿಲ್ಲ.

ತಿಳಿಯುವುದಿಲ್ಲ ಎಂಬ ಮಾತು ಹೊಸದಲ್ಲ. ನಕ್ಷತ್ರಗಳೆಲ್ಲ ಬಹುಪಾಲು ಜಲಜನಕದಿಂದಾಗಿವೆ ಎಂದು 1925ರಲ್ಲಿ ಮೊದಲು ಕಂಡುಕೊಂಡವಳು ಸಿಸಿಲಿಯಾ ಪೇನ್ ಎಂಬ ಇಪ್ಪತ್ತೈದರ ಹುಡುಗಿ. ಹೆಸರಾಂತ ವಿಜ್ಞಾನಿ ರಸೆಲ್ ಇದು ಸಾಧ್ಯವಿಲ್ಲ ಎಂದರು. ಅವಳು ತನ್ನ ಪ್ರಬಂಧದಲ್ಲಿಯೇ "ಇದು ನಿಜವಿರಲಾರದು" ಎಂಬರ್ಥದ ಮಾತು ಸೇರಿಸಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ತಮ್ಮದೇ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ನೋಡಿದ್ದನ್ನು ನೋಡಿದೆ ಎನ್ನಲು ಹೆಣ್ಣಿಗೆ ಬಿಡದ ಮನೆ ನಮ್ಮದೊಂದೇ ಅಲ್ಲ.

ಕಾಲ ಬದಲಾಗಿದೆ, ನಿಜ. ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ. ಸೂರ್ಯನನ್ನು ನೋಡಲು ಹೋದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗರ್ ಶಾಜಿ. ಅದು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಠಾವು ಸೇರಿತು. ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ನಮ್ಮ ಹೊಸಕೋಟೆಯಲ್ಲಿ. ಅದು ಮಾಡುವ ಕೆಲಸ ಕೇಳಿದರೆ ನಗುತ್ತೀರಿ. ಸೂರ್ಯನ ಬಿಂಬಕ್ಕೆ ತಾನೇ ಮರೆ ಕಟ್ಟಿ ಒಳಗೊಳಗೇ ಗ್ರಹಣ ಮಾಡಿಕೊಳ್ಳುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ. ಅದರ ಸುತ್ತಲಿನ ಪ್ರಭಾವಳಯ ಹತ್ತು ಲಕ್ಷ ಡಿಗ್ರಿಗೂ ಮೇಲೆ. ಒಲೆಗಿಂತ ಒಲೆಯ ಸುತ್ತಲಿನ ಗಾಳಿ ಹೆಚ್ಚು ಬಿಸಿಯಾದಂತೆ! ಏಕೆ ಹೀಗೆಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದನ್ನು ನೋಡಬೇಕಾದರೆ ಸೂರ್ಯನ ಬಿಂಬ ಮುಚ್ಚಬೇಕು. ಯಾವ ಗ್ರಹಣಕ್ಕೆ ಹೆದರಿ ನಾವು ಬಸುರಿಯ ಬಾಯಿಗೆ ನೀರು ಬಿಡುವುದಿಲ್ಲವೋ, ಆ ಗ್ರಹಣ ಸಾಲದೆಂದು ಒಬ್ಬ ಹೆಂಗಸಿನ ಮುಂದಾಳುತನದಲ್ಲಿ ನಿತ್ಯದ ಗ್ರಹಣವನ್ನೇ ಆಕಾಶಕ್ಕೆ ಕಳಿಸಿದ್ದಾರೆ.

ಮೂರನೆಯ ಆಕ್ಷೇಪ: "ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು." ಇದು ಶುದ್ಧ ಸುಳ್ಳು. ಶಿವರಾಮ ಕಾರಂತರು ಮಕ್ಕಳಿಗೆ, ದೊಡ್ಡವರಿಗೆ ಸಂಪುಟಗಟ್ಟಲೆ ವಿಜ್ಞಾನ ಬರೆದರು. ಜಿ.ಟಿ. ನಾರಾಯಣ ರಾವ್ ನಕ್ಷತ್ರಗಳನ್ನು ಕನ್ನಡದಲ್ಲೇ ತೋರಿಸಿದರು. ಬೆಂಗಳೂರಿನ ತಾರಾಲಯವನ್ನು ನಡೆಸಿದ ಬಿ.ಎಸ್. ಶೈಲಜಾ, ಇಂಜಿನಿಯರಾಗಿ ದುಡಿಯುತ್ತಲೇ ಮೇರಿ ಕ್ಯೂರಿಯ ಬದುಕನ್ನು ನಮಗೆ ಕೊಟ್ಟ ನೇಮಿಚಂದ್ರ, ಇವರೆಲ್ಲ ಕನ್ನಡದಲ್ಲೇ ಬರೆದ ಹೆಣ್ಣುಮಕ್ಕಳು. ಬರೆಯುವವರಿದ್ದಾರೆ. ಹೆಂಗಸರ ಪುರವಣಿಯ ಪುಟ ಹಂಚುವವರು ಅವರಿಗೆ ಜಾಗ ಕೊಡುವುದಿಲ್ಲ, ಅಷ್ಟೆ. ನಾನು ಒಂದು ತಿಂಗಳ ಪುರವಣಿಗಳನ್ನು ಕೂಡಿಟ್ಟು ನೋಡಿದೆ. ಮುಖದ ಕಾಂತಿಗೆ ಏಳು ಲೇಖನ, ತೂಕ ಇಳಿಸಲು ಐದು, ವಾರಭವಿಷ್ಯ ನಾಲ್ಕೂ ವಾರ. ಆಕಾಶದ ಬಗ್ಗೆ ಒಂದೂ ಇಲ್ಲ. ನಮ್ಮನ್ನು ಬರೀ ಮುಖವೆಂದು ತಿಳಿದಿದ್ದಾರೆ. ಮುಖದ ಹಿಂದೆ ತಲೆಯೂ ಇದೆ ಎಂದು ಹೇಳುವವರು ಬೇಕಲ್ಲ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಬೇಡಿಕೆಗಳು ದೊಡ್ಡವಲ್ಲ. ಗ್ರಹಣದ ದಿನ ಜೋತಿಷ್ಯಕ್ಕೆ ಎಷ್ಟು ಹೊತ್ತು ಕೊಡುತ್ತೀರೋ ಅಷ್ಟೇ ಹೊತ್ತು ಹೆರಿಗೆ ಡಾಕ್ಟರಿಗೂ ವಿಜ್ಞಾನ ತಿಳಿದವರಿಗೂ ಕೊಡಿ ಎಂದು ಟೀವಿಯವರನ್ನು ಕೇಳಬೇಕು. ಹೆಂಗಸರ ಪುರವಣಿಯಲ್ಲಿ ವಾರಕ್ಕೆ ಅರ್ಧ ಪುಟ ವಿಜ್ಞಾನಕ್ಕೆ ಬೇಕೆಂದು ಸಂಪಾದಕರನ್ನು ಕೇಳಬೇಕು. ಮಹಿಳಾ ಮಂಡಳಗಳಲ್ಲಿ ಅರಿಶಿನ ಕುಂಕುಮದ ಜೊತೆ ತಿಂಗಳಿಗೊಂದು ಸಂಜೆ ಮಾಳಿಗೆ ಹತ್ತಿ, ಗುರು ಯಾವುದು ಶುಕ್ರ ಯಾವುದು ಎಂದು ಗುರುತಿಸಬೇಕು. ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕರೆದರೆ ಸಂತೋಷದಿಂದ ಬರುತ್ತಾರೆ. ಅತ್ತೆಯಾದವರು ಗ್ರಹಣದ ದಿನ ಬಸುರಿ ಸೊಸೆಗೆ ಹೊತ್ತು ಹೊತ್ತಿಗೆ ಊಟ ಹಾಕಬೇಕು. ಯಾರಾದರೂ ಆಡಿಕೊಂಡರೆ, "ಟೀಚರ ಹೇಳ್ಯಾರ" ಎಂದು ನನ್ನ ಮೇಲೆ ಹಾಕಿರಿ, ನಾನು ಹೊರುತ್ತೇನೆ.

ಇನ್ನು ಮನೆಯಲ್ಲಿ ಹುಡುಗಿಯರು ಪ್ರಶ್ನೆ ಕೇಳಿದಾಗ, ಉತ್ತರ ಗೊತ್ತಿಲ್ಲದಿದ್ದರೂ ಸುಮ್ಮನಿರಿಸಬೇಡಿ. ಆ ಪ್ರಶ್ನೆಯನ್ನು ಒಂದು ಕಾರ್ಡಿನ ಮೇಲೆ ಬರೆಸಿ, ಅವಳ ಹೆಸರು, ಊರು, ತರಗತಿ ಹಾಕಿಸಿ, ನೀವು ಓದುವ ಪತ್ರಿಕೆಗೆ ಕಳಿಸಿರಿ. ಒಂದು ಕಾರ್ಡು ಬಂದರೆ ಬುಟ್ಟಿಗೆ ಹಾಕುತ್ತಾರೆ. ಒಂದೇ ವಾರದಲ್ಲಿ ಒಂದೇ ಊರಿನಿಂದ ನೂರು ಕಾರ್ಡು ಹೋದರೆ ಯಾವ ಸಂಪಾದಕರೂ ಬುಟ್ಟಿಗೆ ಹಾಕಲಾರರು.